ಕುಲುಮೆ ಬೂದಿಯಲ್ಲಿ ಸಿಕ್ಕ ಕಟ್ಟುಹಲ್ಲು: ಬಾಸ್ಟನ್, 1849

ಪೇಪರ್‌ನ ಒಳಪುಟದ ಮೂಲೇಲಿ ಒಂದು ಪುಟಾಣಿ ಪ್ರಕಟಣೆ ಬರುತ್ತಲ್ಲ, ನೋಡಿರ್ತೀರಿ. ಅಪರಿಚಿತ ಶವ ಪತ್ತೆ, ಗಂಡಸು, ಸುಮಾರು 45 ವರ್ಷ, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಚೆಕ್ಸ್ ಶರ್ಟು, ಬಲಗೈ ಮೇಲೆ ಹಚ್ಚೆ, ವಾರಸುದಾರರು ಯಾರಾದ್ರೂ ಇದ್ರೆ ಠಾಣೆ ಸಂಪರ್ಕಿಸಿ. ನಾನು ಹಲ್ಲಿನ ಡಾಕ್ಟ್ರು, ಒಂದು ತಾಲೂಕು ಊರಲ್ಲಿ ಕ್ಲಿನಿಕ್ ಇಟ್ಕೊಂಡು 17 ವರ್ಷ ಆಯ್ತು, ಈ ಪ್ರಕಟಣೆ ಓದೋದು ನಂಗೆ ಒಂಥರಾ ಚಟ. ಇಷ್ಟು ವರ್ಷದಲ್ಲಿ ನಾನು ಓದಿದ ಒಂದರಲ್ಲೂ ಹಲ್ಲಿನ ಸುದ್ದಿ ಇಲ್ಲ. ಮೇಲ್ದವಡೆ ಬಲಗಡೆ ಕ್ಯಾಪ್ ಇದೆ, ಮುಂದಿನ ಎರಡು ಹಲ್ಲಿನ ಮಧ್ಯ ಸಂದಿ ಇದೆ, ಇಂಥಾ ಒಂದು ಸಾಲೂ ಇರಲ್ಲ. ಅಂಗಿ ಬಣ್ಣ ಮಾತ್ರ ತಪ್ಪದೇ ಇರುತ್ತೆ.

ಹಾಕಿದ್ರೂ ಏನ್ ಪ್ರಯೋಜನ ಅಂತ ಆಮೇಲೆ ಅನ್ಸುತ್ತೆ. ಆ ಕ್ಯಾಪ್ ನಾನೇ ಹಾಕಿದ್ದು ಅಂತ ಎದೆ ತಟ್ಟಿ ಹೇಳೋಕೆ ನನ್ ಹತ್ರ ಏನಿದೆ? ರಿಜಿಸ್ಟರ್ ತೆಗೆದ್ರೆ ಹೆಸರು, ಫೋನ್ ನಂಬರು, "ರೂಟ್ ಕೆನಾಲ್ ಮುಗೀತು, ಬಾಕಿ 1500". ಅಷ್ಟೇ.

ಅದಕ್ಕೇ ನಂಗೆ 1849ರ ಬಾಸ್ಟನ್ ಕೇಸು ಮತ್ತೆ ಮತ್ತೆ ನೆನಪಾಗೋದು. ಹಲ್ಲು ನೋಡಿ ಸತ್ತವರ ಗುರುತು ಹಿಡಿದಿದ್ದು ಕೊಲೆ ಕೇಸಿನ ಕೋರ್ಟಲ್ಲಿ ನಿಂತ ಮೊದಲ ದೊಡ್ಡ ಪ್ರಕರಣ ಅಂತ ನಮ್ಮ ಟೆಕ್ಸ್ಟ್ ಬುಕ್‌ನಲ್ಲಿ ಎರಡು ಸಾಲಲ್ಲಿ ಮುಗಿಸಿಬಿಡ್ತಾರೆ. ಎರಡು ಸಾಲಿಗೆ ಮುಗಿಯೋ ಕೇಸಲ್ಲ ಅದು.

ಡಾ. ಜಾರ್ಜ್ ಪಾರ್ಕ್‌ಮನ್ ಅಂತ ಒಬ್ಬ. ಓದಿದ್ದು ಡಾಕ್ಟರಿಕೆ, ಮಾಡ್ತಿದ್ದಿದ್ದು ಜಮೀನು, ಬಾಡಿಗೆ, ಬಡ್ಡಿ ವ್ಯವಹಾರ. ಬಾಸ್ಟನ್ನಿನ ಭಾರೀ ಕುಳ. ಆದ್ರೆ ಗಾಡಿ ಹತ್ತೋನಲ್ಲ, ದಿನಾ ಕಾಲ್ನಡಿಗೇಲೇ ಬೀದಿ ಬೀದಿ ತಿರುಗಿ ಬಾಡಿಗೆ ವಸೂಲಿ. ತೆಳ್ಳಗೆ, ಉದ್ದಕ್ಕೆ, ಕೆಳದವಡೆ ಮುಂದಕ್ಕೆ ಚಾಚ್ಕೊಂಡು ಗಲ್ಲ, ಅಂದ್ರೆ ಗದ್ದ, ಎದ್ದು ಕಾಣ್ತಿತ್ತು, ಊರವರು ಹಿಂದಿಂದೆ ಗಲ್ಲದ ಹೆಸರಲ್ಲೇ ಕರೀತಿದ್ರು. ಈ ಗಲ್ಲ ನೆನಪಿಟ್ಕೊಳ್ಳಿ. ಹಾರ್ವರ್ಡ್ ಮೆಡಿಕಲ್ ಕಾಲೇಜಿಗೆ ಹೊಸ ಕಟ್ಟಡ ಕಟ್ಟೋಕೆ ಜಾಗ ಕೊಟ್ಟವನೂ ಇವನೇ.

ಅದೇ ಕಾಲೇಜಲ್ಲಿ ಕೆಮಿಸ್ಟ್ರಿ ಪ್ರೊಫೆಸರ್ ಜಾನ್ ವೆಬ್‌ಸ್ಟರ್. ಸಂಬಳ ವರ್ಷಕ್ಕೆ 1200 ಡಾಲರ್, ಜೊತೆಗೆ ಲೆಕ್ಚರ್ ಟಿಕೆಟ್ ಮಾರಿದ ದುಡ್ಡು, ಹೆಂಡತಿ ಹೆಣ್ಮಕ್ಕಳು ಇರೋ ಮನೆ, ಖರ್ಚು ಮಾತ್ರ ಸಾಹುಕಾರರ ಥರ. 1842ರಲ್ಲಿ ಪಾರ್ಕ್‌ಮನ್ ಹತ್ರ 400 ಡಾಲರ್ ಸಾಲ, 1847ಕ್ಕೆ ಪತ್ರದಲ್ಲಿ 2432 ಡಾಲರ್. ಅಡ ಇಟ್ಟಿದ್ದು ತನ್ನ ಖನಿಜಗಳ ಸಂಗ್ರಹ. ಅದನ್ನೇ ಇನ್ನೊಬ್ಬರ ಹತ್ರಾನೂ ಅಡ ಇಟ್ಟು ದುಡ್ಡು ಎತ್ತಿದ್ದ, ಆ ಇನ್ನೊಬ್ಬರು ಯಾರು ಅಂದ್ರೆ ಪಾರ್ಕ್‌ಮನ್‌ಗೇ ಹತ್ತಿರದ ನೆಂಟ. ಒಂದೇ ಸೈಟನ್ನ ಇಬ್ಬರಿಗೆ ಮಾರೋರು ನಮ್ಮಲ್ಲಿ ಮಾತ್ರ ಇರೋದಲ್ಲ ಬಿಡಿ. ವಿಷಯ ಗೊತ್ತಾಗಿದ್ದೇ ತಡ ಪಾರ್ಕ್‌ಮನ್ ಕೆಂಡಾಮಂಡಲ, ಕ್ಲಾಸಿಗೇ ಬಂದು ಕೇಳೋಕೆ ಶುರು ಮಾಡಿದ.

1849ರ ನವೆಂಬರ್ 23, ಶುಕ್ರವಾರ, ಮಧ್ಯಾಹ್ನ ಕಾಲೇಜಿನ ಕಡೆ ಹೋಗಿದ್ದನ್ನ ಜನ ನೋಡಿದ್ರು, ಹೊರಗೆ ಬಂದಿದ್ದು ಯಾರೂ ನೋಡಿಲ್ಲ. ಮನೆಯವರು 3000 ಡಾಲರ್ ಬಹುಮಾನ ಸಾರಿದ್ರು, ಹೊಳೆ ಜಾಲಾಡಿದ್ರು. ಭಾನುವಾರ ವೆಬ್‌ಸ್ಟರ್ ತಾನಾಗೇ ಅವರ ಮನೆಗೆ ಹೋಗಿ, ಹೌದು ಬಂದಿದ್ರು, 483 ಡಾಲರ್ 64 ಸೆಂಟು ಕೊಟ್ಟು ಕಳಿಸ್ದೆ ಅಂದ. ಚಿಲ್ಲರೆ ಸಮೇತ ಹೇಳಿದ.

ಕಾಲೇಜಿನ ಜಾನಿಟರ್ ಎಫ್ರೇಮ್ ಲಿಟಲ್‌ಫೀಲ್ಡ್‌ಗೆ ಅನುಮಾನ ಬಂದಿದ್ದು ಸಣ್ಣ ಸಣ್ಣ ವಿಷಯಕ್ಕೆ. ಯಾವತ್ತೂ ತೆಗೆದೇ ಇರೋ ಬಾಗಿಲಿಗೆ ಒಳಗಿಂದ ಚಿಲಕ, ಲ್ಯಾಬಿನ ಕುಲುಮೆ ಹಿಂದಿನ ಗೋಡೆ ಕೈ ಇಡೋಕಾಗದಷ್ಟು ಬಿಸಿ, ಮತ್ತೆ ಯಾವತ್ತೂ ಒಂದು ಕಾಸು ಕೊಡದ ಪ್ರೊಫೆಸರ್ ಹಬ್ಬಕ್ಕೆ ಅಂತ ಟರ್ಕಿ ಕೋಳಿ ಕೊಡಿಸಿದ್ದು. ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನಾನೇ ಹೆಂಡತೀನ ಕಾವಲಿಗೆ ನಿಲ್ಲಿಸಿ, ವೆಬ್‌ಸ್ಟರ್‌ನ ಖಾಸಗಿ ಕಕ್ಕಸಿನ ಗುಂಡಿ ಗೋಡೆ ಒಡೆಯೋಕೆ ಕೂತ, ಮಾರನೇ ದಿನ ಇಟ್ಟಿಗೆ ಬಿಚ್ಕೊಂಡು ದೀಪ ಹಿಡಿದು ನೋಡಿದ್ರೆ ಒಳಗೆ ಮನುಷ್ಯನ ಸೊಂಟದ ಭಾಗ, ಒಂದು ತೊಡೆ, ಒಂದು ಕಾಲಿನ ತುಂಡು. ಆಮೇಲೆ ಲ್ಯಾಬಲ್ಲಿ ಒಂದು ಟೀ ಪೆಟ್ಟಿಗೆಯಲ್ಲಿ ಮುಂಡ, ಅದರೊಳಗೆ ತುರುಕಿದ ಇನ್ನೊಂದು ತೊಡೆ. ತಲೆ ಇಲ್ಲ, ಕೈ ಇಲ್ಲ, ಪಾದ ಇಲ್ಲ.

ಇಲ್ಲಿಗೆ ಕೇಸ್ ಮುಗೀತಲ್ಲ ಅನ್ಸುತ್ತೆ. ನಿಜವಾದ ತಲೆನೋವು ಶುರುವಾಗಿದ್ದೇ ಇಲ್ಲಿಂದ. ಸಿಕ್ಕಿದ್ದು ಎಲ್ಲಿ? ಮೆಡಿಕಲ್ ಕಾಲೇಜಲ್ಲಿ. ಹೆಣ ಕುಯ್ಯೋದೇ ಅಲ್ಲಿ ಪಾಠ. ಇದು ಡಿಸೆಕ್ಷನ್‌ಗೆ ತಂದ ಯಾರದೋ ಅನಾಥ ಶವ ಅಂತ ಪ್ರೊಫೆಸರ್ ಪರ ವಕೀಲ ಅಂದ್ರೆ ಅಲ್ಲ ಅನ್ನೋಕೆ ಏನಿದೆ. ಮುಖ ಇಲ್ಲ, ಬೆರಳಚ್ಚು ಅನ್ನೋದು ಕೋರ್ಟಿಗೆ ಬರೋಕೆ ಇನ್ನೂ 40-50 ವರ್ಷ ಇತ್ತು, ಡಿಎನ್‌ಎ ಮಾತೇ ಬೇಡ. ಕೊಲೆ ಆಗಿದೆ ಅಂತ ಸಾಬೀತು ಮಾಡ್ಬೇಕಾದ್ರೆ ಮೊದ್ಲು ಸತ್ತಿರೋನು ಇಂಥವನೇ ಅಂತ ಆಗ್ಬೇಕು.

ಅನಾಟಮಿಯವರು ತಮ್ಮ ಕೈಲಾದ್ದು ಮಾಡಿದ್ರು. ಜೆಫ್ರೀಸ್ ವೈಮನ್ ಒಂದೊಂದೇ ಮೂಳೆ ಚೂರು ಹೆಕ್ಕಿ ಇದು ತಲೆಬುರುಡೇದು ಇದು ದವಡೇದು ಅಂತ ಪಟ್ಟಿ ಮಾಡಿದ. ಹೆಣ ಕೆಡದಿರ್ಲಿ ಅಂತ ಡಿಸೆಕ್ಷನ್ ಶವಕ್ಕೆ ಚುಚ್ಚೋ ದ್ರಾವಣದ ಗುರುತು ಇದರಲ್ಲಿ ಇಲ್ಲ ಅಂತಾನೂ ಸಾಕ್ಷಿ ಬಂತು, ಅದು ದೊಡ್ಡ ಪಾಯಿಂಟೇ. ಕಾಲೇಜಿನ ಡೀನ್ ಆಲಿವರ್ ವೆಂಡೆಲ್ ಹೋಮ್ಸ್ ಹೇಳಿದ್ದು ಏನು ಗೊತ್ತಾ, ಈ ಮೈಕಟ್ಟು ಪಾರ್ಕ್‌ಮನ್ ಮೈಕಟ್ಟಿಗೆ ಹೊಂದಲ್ಲ ಅನ್ನೋಂಥದ್ದು ಏನೂ ಇಲ್ಲ ಅಂತ. ಅಂದ್ರೆ ಅಲ್ಲ ಅನ್ನೋಕಾಗಲ್ಲ, ಹೌದು ಅನ್ನೋಕೂ ಆಗಲ್ಲ. ನಮ್ಮ ಪೇಪರ್ ಪ್ರಕಟಣೆಯ "ಸಾಧಾರಣ ಮೈಕಟ್ಟು" ಇದೆಯಲ್ಲ, ಹಾರ್ವರ್ಡ್ ಡೀನ್ ಕೂಡ ಅಲ್ಲೇ ನಿಂತಿದ್ದ.

ಕುಲುಮೆ ಬೂದಿ ಜರಡಿ ಹಿಡಿದಾಗ ಸುಟ್ಟ ಮೂಳೆ ಚೂರು, ಚೂರು ಬಂಗಾರ, ಆಮೇಲೆ ಪಿಂಗಾಣಿ ಹಲ್ಲಿನ ತುಂಡುಗಳು ಸಿಕ್ಕಿದ್ವು. ಮೂರು ತುಂಡು. ಅವನ್ನ ಒಬ್ಬ ಡಾಕ್ಟರ್ ತಗೊಂಡು ಹೋಗಿ ನೇಥನ್ ಕೂಲಿ ಕೀಪ್ ಅನ್ನೋ ದಂತವೈದ್ಯನ ಕೈಗೆ ಕೊಟ್ಟ. ಪಾರ್ಕ್‌ಮನ್‌ನ ಹಲ್ಲು ನೋಡ್ಕೊತಿದ್ದೋನು ಇವನೇ. ನೋಡಿದ ತಕ್ಷಣ ಕೀಪ್‌ಗೆ ಗೊತ್ತಾಯ್ತು, ಪಾರ್ಕ್‌ಮನ್ ಇನ್ನಿಲ್ಲ ಅಂತ.

ಹೆಂಗೆ ಗೊತ್ತಾಯ್ತು ಅನ್ನೋದು ನಮ್ಮಂಥ ಕಸುಬಿನೋರಿಗೆ ಬಾಯಲ್ಲಿ ನೀರೂರೋ ಭಾಗ, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

1846ರಲ್ಲಿ ಆ ಹೊಸ ಕಾಲೇಜು ಕಟ್ಟಡದ ಉದ್ಘಾಟನೆ. ಜಾಗ ಕೊಟ್ಟವನು ಪಾರ್ಕ್‌ಮನ್, ವೇದಿಕೆ ಮೇಲೆ ಇರ್ಬೇಕು. ಬಾಯಲ್ಲಿ ಹಲ್ಲಿಲ್ಲ. ಕೀಪ್ ಹತ್ರ ಬಂದು ಕಟ್ಟುಹಲ್ಲಿನ ಸೆಟ್ ಮಾಡ್ಕೊಡು, ಆದ್ರೆ ಉದ್ಘಾಟನೆ ಹೊತ್ತಿಗೆ ಬೇಕೇ ಬೇಕು, ಇಲ್ಲಾಂದ್ರೆ ಬೇಡವೇ ಬೇಡ ಅಂದ. ಪ್ರತಿ ಮದುವೆ ಸೀಸನ್ನಲ್ಲಿ ನನ್ ಕ್ಲಿನಿಕ್ಕಿಗೆ ಬರೋ ಮಾವಂದಿರ ಡೈಲಾಗ್ ಇದು, ಮುಹೂರ್ತದೊಳಗೆ ಸೆಟ್ ಕೊಡಿ ಡಾಕ್ಟ್ರೇ ಫೋಟೋ ತೆಗೀತಾರೆ. ಕೀಪೂ ಅವನ ಅಸಿಸ್ಟೆಂಟ್ ಲೆಸ್ಟರ್ ನೋಬಲ್ಲೂ ರಾತ್ರಿ ನಿದ್ದೆಗೆಟ್ಟು ಕೂತರು. ಆಗಿನ ಕಾಲಕ್ಕೆ ಈಗಿನ ಅಕ್ರಿಲಿಕ್ ಪ್ಲಾಸ್ಟಿಕ್ ಇಲ್ಲ, ಬಂಗಾರದ ತಟ್ಟೆ ಮೇಲೆ ಪಿಂಗಾಣಿ ಹಲ್ಲಿನ ಬ್ಲಾಕ್ ಕೂರಿಸೋದು, ಆ ಬ್ಲಾಕನ್ನ ಗೂಡಲ್ಲಿ ಸುಡಬೇಕು. ಸುಡೋವಾಗ ಒಂದು ಬ್ಲಾಕ್ ಕೆಟ್ಟು ಕೂತಿತು, ಮತ್ತೆ ಮಾಡಿದ್ರು. ಅಂತೂ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರೋವಾಗ ಹಲ್ಲು ಬಾಯಿಗೆ ಹೋಯ್ತು. ಮೇಲಿನ ಸೆಟ್ಟು ಕೆಳಗಿನ ಸೆಟ್ಟು ಜಾರದಂಗೆ ಮಧ್ಯ ಸ್ಪ್ರಿಂಗ್ ಹಾಕಿ ಜೋಡಿಸಿದ್ದ.

ಆಮೇಲೆ ಪಾರ್ಕ್‌ಮನ್ ವಾಪಸ್ ಬಂದ. ನಾಲಿಗೆ ಆಡೋಕೆ ಜಾಗ ಇಲ್ಲ ಅಂತ. ಯಾವ ಕಾಲ ಯಾವ ದೇಶ ಆದ್ರೂ ಹೊಸ ಸೆಟ್ ಹಾಕಿಸ್ಕೊಂಡೋರ ಮೊದಲ ದೂರು ಇದೇ. ಕೀಪ್ ಕೆಳಗಿನ ಸೆಟ್ಟಿನ ಒಳಮೈಯನ್ನ, ನಾಲಿಗೆ ಕಡೇದು, ತೀರಾ ಸಣ್ಣ ಚಕ್ರ ಹಾಕಿ ಉಜ್ಜಿದ. ದೊಡ್ಡ ಚಕ್ರ ಒಳಗೆ ಹೋಗಲ್ಲ, ಸಣ್ಣದರಲ್ಲಿ ಉಜ್ಜಿದ್ರೆ ನುಣುಪಾಗಿ ಬರಲ್ಲ, ಒಸಡಿನ ಬಣ್ಣ ಹೋಯ್ತು, ಪಾಲಿಶ್ ಹೋಯ್ತು. ಮಾಡಿದವನಿಗೇ ಬೇಜಾರಾಗೋ ಕೆಲಸ, ಅಂದಕ್ಕೆ ಮಾಡಿದ್ದನ್ನ ತಾನೇ ಕೆರೆದು ಹಾಳು ಮಾಡಿದಂಗೆ. ಮೂರು ವರ್ಷ ಆದ್ಮೇಲೆ ಬೂದಿಯಿಂದ ಎದ್ದು ಬಂದ ತುಂಡಿನ ಮೇಲೆ ಅದೇ ಕೆರೆದ ಗುರುತು ಇತ್ತು.

ಆದ್ರೆ ಇದನ್ನ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ. ನಾನು ಮಾಡಿದ್ದು ನಂಗೆ ಗೊತ್ತಾಗಲ್ವಾ ಅಂತ ನಾನೂ ಹೇಳ್ತೀನಿ, ಕುಂಬಾರನೂ ಹೇಳ್ತಾನೆ. ಕೀಪ್ ಹತ್ರ ಇನ್ನೊಂದಿತ್ತು: 1846ರಲ್ಲಿ ಅಳತೆ ತಗೊಂಡು ಎರಕ ಹೊಯ್ದ ಪಾರ್ಕ್‌ಮನ್ ದವಡೆಯ ಪ್ಲಾಸ್ಟರ್ ಮಾಡೆಲ್. ಕೆಲಸ ಮುಗಿದು ಮೂರು ವರ್ಷ ಆಗಿತ್ತು, ಬಿಸಾಕಿರ್ಲಿಲ್ಲ. ಮೂರು ತುಂಡಲ್ಲಿ ಕೆಳದವಡೆ ಎಡಗಡೇದು ಚೆನ್ನಾಗಿ ಉಳ್ಕೊಂಡಿತ್ತು, ಅದನ್ನ ಮಾಡೆಲ್ ಮೇಲೆ ಇಟ್ಟ, ಕೂತ್ಕೊಂಡ್ತು. ಆ ಮುಂಚಾಚಿದ ಗಲ್ಲ ಅಂದ್ನಲ್ಲ, ಅಂಥಾ ದವಡೆಗೆ ಮಾಡಿದ ಬ್ಲಾಕ್ ಊರವರಿಗೆಲ್ಲ ಹೊಂದಲ್ಲ. ಜ್ಯೂರಿ ಮುಂದೆ ಇದನ್ನ ತೋರಿಸ್ತಾ ಕೀಪ್ ಅತ್ತುಬಿಟ್ಟ. ಕಣ್ಮರೆ ಆಗೋಕೆ ಸುಮಾರು ಎರಡು ವಾರ ಮುಂಚೆ ಒಂದು ರಾತ್ರಿ ಪಾರ್ಕ್‌ಮನ್ ಸ್ಪ್ರಿಂಗ್ ಮುರಿದಿದೆ ಅಂತ ಬಂದಿದ್ದ, ಹೊತ್ತಲ್ಲದ ಹೊತ್ತಲ್ಲಿ ಕೂತು ರಿಪೇರಿ ಮಾಡಿ ಕಳಿಸಿದ್ದು ಇದೇ ಕೈ.

ಇನ್ನೊಂದು ಮಾತು ಹೇಳಿದ, ಅದು ನಂಗೆ ಇಡೀ ಸಾಕ್ಷೀಲಿ ಇಷ್ಟವಾದದ್ದು. ಬಾಯಲ್ಲಿ ಹಾಕ್ಕೊಂಡು ಬಳಸಿದ ಪಿಂಗಾಣಿ ಹಲ್ಲು ತೇವ ಹೀರ್ಕೊಂಡಿರುತ್ತೆ, ಅದನ್ನ ಬರೀದಾಗಿ ಧಗಧಗ ಉರಿಯೋ ಬೆಂಕಿಗೆ ಎಸೆದ್ರೆ ಸಿಡಿದು ಪುಡಿಯಾಗ್ಬೇಕು. ಇವು ಸಿಡಿದಿಲ್ಲ. ಅಂದ್ರೆ ಮೆಲ್ಲಗೆ ಬಿಸಿ ಏರಿದೆ, ಏನೋ ಸುತ್ತ ಅಡ್ಡ ಇತ್ತು, ಅಂದ್ರೆ ಹಲ್ಲು ತಲೆಯೊಳಗೇ ಇದ್ದು ತಲೆ ಸಮೇತ ಕುಲುಮೆಗೆ ಹೋಗಿದೆ. ಯಾರೋ ಎಲ್ಲಿಂದಲೋ ಒಂದು ಸೆಟ್ ತಂದು ಬೂದಿಗೆ ಹಾಕಿ ಸಿಕ್ಕಿಸಿದ್ರು ಅನ್ನೋ ವಾದಕ್ಕೆ ಇದೇ ಉತ್ತರ.

ಎದುರು ಪಕ್ಷ ಸುಮ್ನಿರ್ತಾರಾ. ಕರೆಸಿದ್ದು ಯಾರನ್ನ ಅಂದ್ರೆ ವಿಲಿಯಂ ಮಾರ್ಟನ್, 1846ರ ಅಕ್ಟೋಬರ್ 16ರಂದು ಈಥರ್ ಕೊಟ್ಟು ನೋವಿಲ್ಲದ ಆಪರೇಷನ್ ಲೋಕಕ್ಕೆ ತೋರಿಸಿದ ದಂತವೈದ್ಯ. ಆತ ಬಂದು ಈ ತುಂಡುಗಳಲ್ಲಿ ಇಂಥವರದ್ದೇ ಅಂತ ಹೇಳೋ ಅಷ್ಟು ವಿಶೇಷ ಏನೂ ಕಾಣಲ್ಲ, ಗಲ್ಲ ಮುಂದಿರೋರು ಊರಲ್ಲಿ ಬೇಕಾದಷ್ಟು ಜನ ಇದಾರೆ ಅನ್ನೋ ಧಾಟೀಲಿ ಸಾಕ್ಷಿ ಹೇಳಿದ. ತಮಾಷೆ ಏನಂದ್ರೆ ಈಥರ್ ಕಂಡುಹಿಡಿದಿದ್ದು ನಾನು ಅಂತ ಮಾರ್ಟನ್ ಜೊತೆ ಹಗಲೂ ರಾತ್ರಿ ಜಗಳ ಆಡ್ತಿದ್ದ ಚಾರ್ಲ್ಸ್ ಜಾಕ್ಸನ್ ಅನ್ನೋ ಕೆಮಿಸ್ಟು ಸರ್ಕಾರದ ಕಡೆ ಸಾಕ್ಷಿ. ಒಂದೇ ಕಟಕಟೆ, ಎರಡು ಕಡೆ ಇಬ್ರು. ಸರ್ಕಾರದವರು ಆಮೇಲೆ ಬೇರೆ ದಂತವೈದ್ಯರನ್ನ ಕರೆಸಿ, ತಾನು ಮಾಡಿದ ಬ್ಲಾಕನ್ನ ಮಾಡಿದವನು ಗುರುತು ಹಿಡೀತಾನೆ ಅಂತ ಹೇಳಿಸಿದ್ರು.

ಮಾರ್ಟನ್ ವಾದ ನಾನು ತಳ್ಳಿಹಾಕಲ್ಲ. ಕೀಪ್ ಪಾರ್ಕ್‌ಮನ್‌ನ ದಶಕಗಳಿಂದ ಬಲ್ಲವನು, ಕಣ್ಣೀರು ಹಾಕೋಷ್ಟು ಹಚ್ಕೊಂಡವನು, ಅಂಥವನ ಕಣ್ಣಿಗೆ ತಾನು ಹುಡುಕ್ತಿರೋದೇ ಕಾಣೋ ಸಾಧ್ಯತೆ ಇಲ್ವಾ? ಇವತ್ತಿನ ಲೆಕ್ಕದಲ್ಲಾದ್ರೆ ಕೀಪ್‌ಗೆ ಹೆಸರು ಹೇಳದೆ ಹತ್ತು ಜನರ ಮಾಡೆಲ್ ಜೊತೆ ಬೆರೆಸಿ ಕೊಡ್ಬೇಕಿತ್ತು, ಬೇರೊಬ್ಬ ದಂತವೈದ್ಯ ಕೂತು ಹೊಂದಿಸಿ ನೋಡ್ಬೇಕಿತ್ತು. ಆದ್ರೆ ಮಾರ್ಟನ್ ಬೇಕಾದ್ರೆ ಬಂದು ಅದೇ ತುಂಡನ್ನ ಅದೇ ಮಾಡೆಲ್ ಮೇಲೆ ಇಟ್ಟು ಪರೀಕ್ಷೆ ಮಾಡ್ಬಹುದಿತ್ತು ನೋಡಿ, ಮಾಡೆಲ್ ಮೇಜಿನ ಮೇಲೇ ಇತ್ತು. ಒಬ್ಬರ ನೆನಪಿನ ಜೊತೆ ಇನ್ನೊಬ್ಬರು ಜಗಳ ಆಡೋದು ವ್ಯರ್ಥ, ಪ್ಲಾಸ್ಟರ್ ಜೊತೆ ಆಡಬಹುದು. ಈ ಕೇಸಿನ ಜೀವ ಇರೋದು ಹಲ್ಲಲ್ಲಲ್ಲ, ಆ ಬಿಳಿ ಪ್ಲಾಸ್ಟರ್ ಗಡ್ಡೇಲಿ ಅಂತ ನಾನು ಅನ್ನೋದು ಅದಕ್ಕೇ.

ವಿಚಾರಣೆ 1850ರ ಮಾರ್ಚ್ 19ಕ್ಕೆ ಶುರು. ಜನಜಾತ್ರೆ. ಗ್ಯಾಲರಿಗೆ ಹತ್ತತ್ತು ನಿಮಿಷಕ್ಕೆ ಒಂದೊಂದು ತಂಡ ಬಿಟ್ಟು ಹೊರಗೆ ಕಳಿಸ್ತಿದ್ರು, ಸುಮಾರು 60,000 ಜನ ಹಂಗೆ ಬಂದು ಹೋದ್ರು ಅಂತ ಅಂದಾಜು. ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ ಜ್ಯೂರಿಗೆ ಕೊಟ್ಟ ಸೂಚನೆ ಕಾನೂನು ಓದೋರಿಗೆ ಚೆನ್ನಾಗಿ ಗೊತ್ತು, ಸಮಂಜಸ ಅನುಮಾನ ಅಂದ್ರೇನು, ಸಾಂದರ್ಭಿಕ ಸಾಕ್ಷ್ಯ ಎಷ್ಟಿದ್ರೆ ಸಾಕು ಅನ್ನೋದನ್ನ ಬಿಡಿಸಿಟ್ಟಿದ್ದು ಅಲ್ಲೇ, ಅಮೆರಿಕದ ಕೋರ್ಟುಗಳು ನೂರಕ್ಕೂ ಹೆಚ್ಚು ವರ್ಷ ಅದನ್ನೇ ಎತ್ಕೊಂಡು ಓದಿದ್ವು, 1994ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟು ಆ ಪದಗಳನ್ನ ಕೆದಕಿ ನೋಡಿದೆ. ಜಡ್ಜು ಒಂದು ಕಡೆ ವಾಲಿದ್ರು ಅಂತ ಬೈದವರೂ ಇದಾರೆ. ಜ್ಯೂರಿ ಮೂರು ಗಂಟೆ ಒಳಗೆ ಅಪರಾಧಿ ಅಂತ ಬಂತು. ಏಪ್ರಿಲ್ 1ಕ್ಕೆ ಮರಣದಂಡನೆ ಓದಿದ್ರು.

ಗಲ್ಲಿಗೇರೋ ಮುಂಚೆ ವೆಬ್‌ಸ್ಟರ್ ಪಾದ್ರಿ ಹತ್ರ ಒಪ್ಕೊಂಡ. ಸಿಟ್ಟಲ್ಲಿ ಕೈಗೆ ಸಿಕ್ಕ ಕಟ್ಟಿಗೇಲಿ ಬಾರಿಸ್ದೆ, ಬಿದ್ದ, ಏಳಲೇ ಇಲ್ಲ, ತಲೇನ ಕುಲುಮೆಗೆ ಹಾಕ್ದೆ ಅಂತ. ಮೊದ್ಲೇ ಯೋಚ್ಸಿ ಮಾಡಿದ್ದಲ್ಲ ಅಂತ ಶಿಕ್ಷೆ ಇಳಿಸೋಕೆ ಬೇಡಿದ, ಆಗಲಿಲ್ಲ. ಆಗಸ್ಟ್ 30, 1850. ಅವನ ಕಥೆ ಎಷ್ಟು ಸಾಚಾನೋ, ತಲೆ ಕುಲುಮೆಯಲ್ಲಿತ್ತು ಅನ್ನೋ ಮಟ್ಟಿಗೆ ಕೀಪ್ ಹಲ್ಲು ನೋಡಿ ಹೇಳಿದ್ದಕ್ಕೆ ತಾಳೆ ಆಯ್ತು.

ಈಗ ಇದನ್ನ ನಮ್ಮ ಊರಿಗೆ ತಂದು ನೋಡಿ. ಇಂಟರ್‌ಪೋಲ್ ಲೆಕ್ಕದಲ್ಲಿ ಗುರುತು ಹಚ್ಚೋಕೆ ಗಟ್ಟಿ ದಾರಿ ಮೂರೇ, ಬೆರಳಚ್ಚು, ಡಿಎನ್‌ಎ, ಹಲ್ಲು. 2004ರ ಸುನಾಮಿ ಆದ್ಮೇಲೆ ಥಾಯ್ಲೆಂಡಲ್ಲಿ ಸಾವಿರಾರು ಹೆಣ ಬಿಸಿಲಿಗೆ ಕೊಳೆತು ಮುಖ ಗೊತ್ತಾಗದೆ ಬಿದ್ದಿದ್ದಾಗ, ಮೊದಮೊದಲು ಭರಾಟೆಯಲ್ಲಿ ಕೆಲಸಕ್ಕೆ ಬಂದಿದ್ದು ಹಲ್ಲು. ಆದ್ರೆ ಯಾರಿಗೆ? ಯುರೋಪಿಂದ ಬಂದ ಟೂರಿಸ್ಟುಗಳಿಗೆ, ಅವರ ಊರಿನ ಡೆಂಟಿಸ್ಟು ಎಕ್ಸ್‌ರೇ ಕಳಿಸಿಕೊಟ್ಟ. ಅಲ್ಲಿಯ ಲೋಕಲ್ ಜನಕ್ಕೆ ಆ ಅನುಕೂಲ ಕಮ್ಮಿ, ಅವರ ಹಲ್ಲಿನ ಕಾಗದ ಎಲ್ಲೂ ಇರಲಿಲ್ಲ. ಹಲ್ಲು ಎರಡೂ ಕಡೆ ಒಂದೇ ಥರ ಉಳಿದಿತ್ತು. 2010ರ ಮೇ 22ರ ಮಂಗಳೂರು ವಿಮಾನ ದುರಂತ ನಮ್ಮದೇ, 158 ಜನ ಹೋದ್ರು, ಸುಟ್ಟು ಕರಕಲಾದ ದೇಹಗಳು, ಹೈದರಾಬಾದಿನ ಲ್ಯಾಬಲ್ಲಿ ಡಿಎನ್‌ಎ ಮಾಡಿಸಿದ್ರೂ ಕೊನೇಗೆ 12 ದೇಹ ಇಂಥವರದು ಅಂತ ಆಗದೆ ಒಟ್ಟಿಗೆ ಮಣ್ಣು ಮಾಡಬೇಕಾಯ್ತು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ, ಹಲ್ಲು-ಕ್ರೈಂ ಅಂದ ಕೂಡ್ಲೇ ಜನ 2012ರ ದೆಹಲಿಯ ನಿರ್ಭಯಾ ಕೇಸ್ ಹೇಳ್ತಾರೆ. ಅದರಲ್ಲಿ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ತಜ್ಞರು ವರದಿ ಕೊಟ್ಟಿದ್ದು ಹೌದು, 2017ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದ್ದೂ ಹೌದು. ಆದ್ರೆ ಅದು ಚರ್ಮದ ಮೇಲೆ ಕಚ್ಚಿದ ಗುರುತು, ಕಚ್ಚಿದವನು ಯಾರು ಅನ್ನೋ ಪ್ರಶ್ನೆ. ಚರ್ಮ ಎಳೆಯುತ್ತೆ, ಊದುತ್ತೆ, ಆ ವಿದ್ಯೆ ಮೇಲೆ ಅಮೆರಿಕದಲ್ಲಿ ವಿಜ್ಞಾನಿಗಳೇ ಬಲವಾಗಿ ಆಕ್ಷೇಪ ಎತ್ತಿದಾರೆ. ಸತ್ತವರ ಹಲ್ಲನ್ನ ಅವರದೇ ಹಳೇ ರೆಕಾರ್ಡಿಗೆ ಹೊಂದಿಸೋದು ಬೇರೆ ಜಾತಿ ಕೆಲಸ, ಗಟ್ಟಿಗೆ ಗಟ್ಟಿ ಹೊಂದಿಸೋದು.

ಮತ್ತೆ ಕೀಪ್‌ಗಿದ್ದ ಒಂದು ಅದೃಷ್ಟ ನಮಗಿಲ್ಲ. ಪಿಂಗಾಣಿ ಆ ಬೆಂಕಿ ತಡ್ಕೊಂಡ್ತು. ಈಗ ನಾವು ಕೊಡೋ ಅಕ್ರಿಲಿಕ್ ಸೆಟ್ಟನ್ನ ಆ ಕುಲುಮೆಗೆ ಹಾಕಿದ್ರೆ ಉರಿದು ಹೊಗೆಯಾಗಿ ಹೋಗುತ್ತೆ, ಬೂದೀಲಿ ಹುಡುಕೋಕೆ ಏನೂ ಇರಲ್ಲ. ನೀರಲ್ಲಿ ಬಿದ್ದ ಹೆಣ, ಕಾಡಲ್ಲಿ ಸಿಕ್ಕಿದ್ದು, ರೈಲ್ವೆ ಹಳಿ ಪಕ್ಕದ್ದು, ಇವಕ್ಕೆ ಸೆಟ್ಟು ಉಳಿಯುತ್ತೆ, ಆದ್ರೆ ಎಲ್ಲಾ ಸೆಟ್ಟೂ ನೋಡೋಕೆ ಒಂದೇ, ಅದೇ ಪಿಂಕು, ಅದೇ ಕಂಪನಿ ಹಲ್ಲು.

ಈ ಕೇಸ್ ಮೊದಲ ಸಲ ಪೂರ್ತಿ ಓದಿದ ವಾರ ನನ್ ಕ್ಲಿನಿಕ್ ಹಿಂದಿನ ರೂಮಲ್ಲಿ ಕ್ಲೀನಿಂಗ್ ನಡೀತಿತ್ತು. ಹುಡುಗ ಎರಡು ಗೊಬ್ಬರದ ಚೀಲ ತುಂಬ ಹಳೇ ಮಾಡೆಲ್ ತುಂಬಿಸಿ ಇಟ್ಟಿದ್ದ, ಸಾರ್ ಇದನ್ನ ರಸ್ತೆ ಗುಂಡಿಗೆ ಸುರಿದ್ಬಿಡ್ಲಾ ಅಂದ. ಹಿಂದಿನ ವರ್ಷಾನೂ ಹಂಗೇ ಸುರಿದಿದ್ವಿ, ಎಷ್ಟು ಜನರ ದವಡೆ ಮೇಲೆ ಬೈಕ್ ಓಡಾಡ್ತಿದೆಯೋ. ಆವಾಗಿಂದ ಮಾಡೆಲ್ ತಳದಲ್ಲಿ ಪೆನ್ಸಿಲ್ಲಲ್ಲಿ ಹೆಸರು, ಊರು, ತಾರೀಖು ಬರೆದು ಇಡ್ತಿದೀನಿ. ಜಾಗ ಸಾಲಲ್ಲ, ಫೋಟೋ ತೆಗೆದು ಕಂಪ್ಯೂಟರಿಗೆ ಹಾಕೋದೂ ಶುರು ಮಾಡಿದೀನಿ, ವಾರಕ್ಕೆ ಎರಡು ದಿನ ಮರೀತೀನಿ. ಸೆಟ್ ಒಳಗಡೆ ಹೆಸರು ಬರೆದ ತೆಳು ಕಾಗದದ ಪಟ್ಟಿ ಇಟ್ಟು ಮೇಲೆ ಪಾರದರ್ಶಕ ಅಕ್ರಿಲಿಕ್ ಮುಚ್ಚೋದು ಹಳೇ ಉಪಾಯ, ಲ್ಯಾಬಿನವನು ಅದಕ್ಕೆ ಎಕ್ಸ್‌ಟ್ರಾ ಕೇಳ್ತಾನೆ, ಕೊಡ್ತೀನಿ.

ಮೊದಲ ಸಲ ಹಂಗೆ ಮಾಡಿಸಿದ್ದು ಒಬ್ಬ ರಿಟೈರ್ಡ್ ಮೇಷ್ಟ್ರಿಗೆ. ಸೆಟ್ ಕೈಗೆ ತಗೊಂಡು ಕನ್ನಡಕ ಏರಿಸಿ ಒಳಗಡೆ ತಮ್ಮ ಹೆಸರು ಓದಿದ್ರು, ತಿರುಗಿಸಿ ಇನ್ನೊಂದ್ಸಲ ಓದಿದ್ರು, ಆಮೇಲೆ ಬೊಚ್ಚುಬಾಯಲ್ಲಿ ನಕ್ಕು, "ಏನ್ ಡಾಕ್ಟ್ರೇ ಇದು, ಮದುವೇಲಿ ಕೊಡೋ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸಿದಂಗೆ ಕೊರೆಸಿಬಿಟ್ಟಿದೀರಲ್ಲ, ಯಾರು ಎತ್ಕೊಂಡು ಹೋಗ್ತಾರೆ ಅಂತ" ಅಂದ್ರು.